ಹಳದಿಗೆ ಬಿದ್ದರೂ ತಪ್ಪು

ಬಿಲ್ಲು ಕಲಿಯಲು ಹೋದವನ ಕೈಗೆ ಮೊದಲು ಕೊಟ್ಟದ್ದು ಬಕೆಟ್ಟು. ಖಾಲಿ ಬಕೆಟ್ಟೂ ಅಲ್ಲ, ಅರ್ಧ ನೀರು ತುಂಬಿದ್ದು. ನಾನು ಪ್ಲಂಬರ್. ಬೆಳಗಿನಿಂದ ಕಂಡವರ ಮನೆಯ ಪೈಪು, ನಲ್ಲಿ, ಟ್ಯಾಂಕು ಅಂತ ನೀರಿನಲ್ಲೇ ಒದ್ದಾಡಿ, ಸಂಜೆ ಕೈಕಾಲು ತೊಳೆದು ಒಗೆದ ಅಂಗಿ ಹಾಕಿಕೊಂಡು ಬಂದರೆ ಇಲ್ಲೂ ಅದೇ ನೀರು. ಬೇರೆ ಯಾರಾದರೂ ಆಗಿದ್ದರೆ ಅವರ ತಲೆಯ ಮೇಲೇ ಸುರಿದು ಮನೆಗೆ ಹೊರಡುತ್ತಿದ್ದೆ. ಕೊಟ್ಟವಳು ನನ್ನ ಮಗಳು.

"ಅಪ್ಪ, ಹಿಡಿಯನ್ನ ಮೂರು ಬೆರಳಿಗೆ ಸಿಕ್ಕಿಸ್ಕೊಳ್ಳಿ. ಹೆಬ್ಬೆರಳು ಬೇಡ. ಹಾಂ, ಹಾಗೆ. ಈಗ ಬಿಡಿ," ಎಂದಳು.

ಬಿಟ್ಟೆ. ಬಕೆಟ್ಟು ಧೊಪ್ಪನೆ ಬಿದ್ದು ನೀರೆಲ್ಲ ನನ್ನ ಬೂಟಿನ ಮೇಲೆ ಚೆಲ್ಲಿತು.

"ಹಾಗಲ್ಲ ಅಪ್ಪ. ನೀವು ಬೆರಳು ಬಿಚ್ಚಿದ್ರಿ. ಬಿಚ್ಚಬಾರದು. ಹಿಡ್ಕೊಂಡಿರೋದನ್ನ ನಿಲ್ಲಿಸ್ಬೇಕು, ಅಷ್ಟೆ."

"ಬಿಚ್ಚೋದಕ್ಕೂ ನಿಲ್ಲಿಸೋದಕ್ಕೂ ಏನೇ ವ್ಯತ್ಯಾಸ? ಎರಡ್ರಲ್ಲೂ ಬಕೆಟ್ಟು ಬೀಳುತ್ತೆ ತಾನೆ?"

"ಬೀಳುತ್ತೆ. ಬಿಚ್ಚಿದ್ರೆ ನೀವು ಬೀಳಿಸಿದ ಹಾಗೆ. ನಿಲ್ಲಿಸಿದ್ರೆ ಅದಾಗೇ ಬಿದ್ದ ಹಾಗೆ."

ನೋಡಿ, ಇಂಥ ಮಾತು. ಯಾರದಾದರೂ ಮನೆಯ ಪೈಪು ಒಡೆದು ನೀರು ನುಗ್ಗುತ್ತಿರುವಾಗ, ಸ್ವಾಮಿ ಇದು ನಾನು ಒಡೆದದ್ದಲ್ಲ, ಅದಾಗೇ ಒಡೆದದ್ದು ಎಂದರೆ ಅವರು ಸುಮ್ಮನಿರುತ್ತಾರೆಯೇ? ಆದರೂ ಹಲ್ಲು ಕಚ್ಚಿಕೊಂಡು ಆ ಸಂಜೆಯೆಲ್ಲ ಬಕೆಟ್ಟು ಎತ್ತಿದೆ, ಬೀಳಿಸಿದೆ, ಎತ್ತಿದೆ, ಬೀಳಿಸಿದೆ. ಕೊನೆಗೆ ನೆಲವನ್ನು ನಾನೇ ಒರೆಸಬೇಕಾಯಿತು.

ನಾನಾಗಿ ಹೋದವನಲ್ಲ ಅಲ್ಲಿಗೆ. ಮಗಳು ಟೈಲ್ಸ್ ಅಂಗಡಿಯಲ್ಲಿ ಲೆಕ್ಕ ಬರೆಯುವ ಒಳ್ಳೇ ಕೆಲಸದಲ್ಲಿದ್ದಳು. ಅದನ್ನು ಬಿಟ್ಟು ಈ ಬಿಲ್ಲುಗಾರರ ಕ್ಲಬ್ಬು ಸೇರಿದಳು. ಹಳೇ ಕಾಗದದ ಗೋದಾಮೊಂದನ್ನು ಬಾಡಿಗೆಗೆ ಹಿಡಿದು ನಡೆಸುವ ಕ್ಲಬ್ಬು ಅದು. ಅಲ್ಲಿ ಅವಳ ಕೆಲಸವೆಂದರೆ ಬಾಣ ಆಯುವುದು, ಬಾಣ ತಡೆಯುವ ಬಲೆ ಹರಿದರೆ ಹೊಲಿಯುವುದು, ಬಾಣ ನಾಟುವ ಹುಲ್ಲಿನ ದಿಂಡು ಸರಿಪಡಿಸುವುದು, ಮಕ್ಕಳಿಗೆ ಸಣ್ಣಪುಟ್ಟದ್ದು ಹೇಳಿಕೊಡುವುದು. ಪೂರಾ ಕೋಚ್ ಆಗಬೇಕಾದರೆ ಒಂದು ಪರೀಕ್ಷೆ ಪಾಸಾಗಬೇಕು. ಅದೆಂಥ ಪರೀಕ್ಷೆ ಅಂತೀರಿ! ಅದರಲ್ಲಿ ಅವಳು ಬಿಲ್ಲನ್ನೇ ಮುಟ್ಟುವಂತಿಲ್ಲ. ಜನ್ಮದಲ್ಲಿ ಬಿಲ್ಲು ಹಿಡಿಯದ, ಬೆಳೆದ ವಯಸ್ಸಿನ ಒಬ್ಬರನ್ನು ಹಿಡಿದು ತಂದು, ಕಲಿಸಿ, ಪರೀಕ್ಷೆ ಮಾಡುವವರ ಮುಂದೆ ನಿಲ್ಲಿಸಬೇಕು. ಅವರು ಶಿಷ್ಯ ಬಾಣ ಬಿಡುವುದನ್ನು ನೋಡುತ್ತಾರೆ, ಇವಳು ತಿದ್ದುವುದನ್ನು ನೋಡುತ್ತಾರೆ.

ಹೋದ ವರ್ಷ ಬೇಕರಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬರನ್ನು ಕರೆದುಕೊಂಡು ಹೋಗಿದ್ದಳು. ಆಕೆ ಪ್ರತಿ ಬಾಣಕ್ಕೂ ಭುಜ ಮೇಲೆತ್ತುತ್ತಿದ್ದರಂತೆ. ನನ್ನ ಮಗಳಿಗೆ ಅದು ಕಂಡಿದೆ. ಕಂಡರೂ, ವಯಸ್ಸಾದವರು, ಎಲ್ಲರೆದುರು ಹೇಗೆ ಹೇಳುವುದು ಅಂತ ಸುಮ್ಮನೆ ನಿಂತಿದ್ದಾಳೆ. "ಕಣ್ಣಿಗೆ ಕಂಡದ್ದು ಬಾಯಿಗೆ ಬರದಿದ್ರೆ ಕಲಿಸೋ ಕೆಲ್ಸಕ್ಕೆ ಯಾಕಮ್ಮ ಬಂದೆ?" ಎಂದು ಪರೀಕ್ಷೆಯವರು ಕೇಳಿ ವಾಪಸು ಕಳಿಸಿದರು. ಇನ್ನೊಂದೇ ಅವಕಾಶ. ಈ ಸಲವೂ ತಪ್ಪಿದರೆ ಮತ್ತೆ ಕೂರುವಂತಿಲ್ಲ. ಆ ಜಾಗಕ್ಕೆ ಕ್ಲಬ್ಬಿನವರು ಬೇರೆ ಯಾರನ್ನೋ ನೋಡಿಯೂ ಇಟ್ಟಿದ್ದಾರೆ. ಇಷ್ಟರ ಮೇಲೆ, ಈ ವರ್ಷ ಅವಳು ತಯಾರು ಮಾಡುತ್ತಿದ್ದ ಸ್ಕೂಲ್ ವ್ಯಾನಿನ ಡ್ರೈವರ್ ಏಣಿಯಿಂದ ಜಾರಿ ಮಣಿಕಟ್ಟು ಮುರಿದುಕೊಂಡ.

ಪರೀಕ್ಷೆಗೆ ಇನ್ನು ಎರಡೇ ತಿಂಗಳು ಉಳಿದಿತ್ತು. ಮಗಳು ಊಟಕ್ಕೆ ಕೂತವಳು ತಟ್ಟೆ ನೋಡುತ್ತಾ ಕೂತೇ ಇದ್ದಳು. ನನ್ನ ಹೆಂಡತಿ ಪಾತ್ರೆ ಎತ್ತಿಡುತ್ತಾ, ಗೋಡೆಗೆ ಹೇಳುವ ಹಾಗೆ, "ಮನೇಲೇ ಒಬ್ರು ಇದಾರೆ, ಬಿಲ್ಲು ಮುಟ್ಟದೇ ಇರೋರು," ಎಂದಳು.

ಮಗಳು ಗಾಬರಿಯಾಗಿ, "ಅಮ್ಮ, ಬೇಡ," ಎಂದಳು.

ಆ 'ಬೇಡ' ಕೇಳಿ ನನಗೆ ರೇಗಿತು. "ಯಾಕೆ ಬೇಡ? ನನ್ ಕೈಲಿ ಆಗಲ್ವಾ? ಎರಡಿಂಚಿನ ಕಬ್ಬಿಣದ ಪೈಪಿಗೆ ಥ್ರೆಡ್ ಕೊರೆಯೋ ಕೈ ಇದು. ನಾಳೆಯಿಂದ ಬರ್ತೀನಿ," ಎಂದುಬಿಟ್ಟೆ. ನಾಲಿಗೆ ನನ್ನದೇ, ಯಾರನ್ನು ಬೈಯಲಿ?

ಮಗಳು ಬಾಯಿಲ್ಲದವಳು. ಯಾರನ್ನು ಹೋಲುತ್ತಾಳೋ ಗೊತ್ತಿಲ್ಲ, ನನಗಂತೂ ಮೂರು ಜನಕ್ಕಾಗುವಷ್ಟು ಬಾಯಿ ಇದೆ. ಅವಳ ತಾಯಿಯೂ ಹಾಗೇ, ಏನನ್ನೂ ನೇರ ಹೇಳುವವಳಲ್ಲ. ನಮ್ಮ ಮನೆಯ ನಲ್ಲಿಗಳನ್ನು ನಾನೇ ಬಿಗಿಯಾಗಿ ತಿರುಗಿಸಿ ಮಲಗುತ್ತೇನೆ. ನಾನು ನಿಲ್ಲಿಸಿದ ನಲ್ಲಿ ಒಂದು ಹನಿ ತೊಟ್ಟಿಕ್ಕಿದ್ದಿಲ್ಲ. ಬೆಳಿಗ್ಗೆ ಎದ್ದರೆ ಪಾತ್ರೆ ತೊಳೆಯುವ ನಲ್ಲಿಯ ಪಕ್ಕ ನನ್ನ ಕೆಲಸದ ಇಕ್ಕಳ ಬಿದ್ದಿರುತ್ತದೆ. "ಇದ್ಯಾಕೆ ಇಲ್ಲಿದೆ?" ಎಂದರೆ, "ಸುಮ್ನೆ, ಇರ್ಲಿ ಅಂತ," ಎನ್ನುತ್ತಾಳೆ. ಸಾಮಾನನ್ನು ಸಾಮಾನಿನ ಜಾಗದಲ್ಲಿಡುವ ಅಭ್ಯಾಸ ಈ ಮನೆಯಲ್ಲಿ ಯಾರಿಗೂ ಬರಲಿಲ್ಲ.

ಇರಲಿ. ಬಕೆಟ್ಟು ಮುಗಿದ ಮೇಲೆ ಬಿಲ್ಲು ಕೊಟ್ಟಳು. ಗುರಿ ಕೊಡಲಿಲ್ಲ. ಬಣ್ಣಬಣ್ಣದ ಬಳೆಗಳಂಥ ವೃತ್ತಗಳಿರುವ ಕಾಗದ ಎಲ್ಲರ ಹುಲ್ಲಿನ ದಿಂಡಿಗೂ ಅಂಟಿತ್ತು, ನಡುವೆ ಹಳದಿ, ಅದರ ಸುತ್ತ ಕೆಂಪು, ನೀಲಿ. ನನ್ನ ದಿಂಡಿಗೆ ಮಾತ್ರ ಏನೂ ಇಲ್ಲ. ಬರೀ ಹುಲ್ಲು. ಅದೂ ಮೂರು ಹೆಜ್ಜೆ ದೂರದಲ್ಲಿ, ಕೈ ಚಾಚಿದರೆ ಮುಟ್ಟುವ ಹಾಗೆ.

"ಕಣ್ಣು ಮುಚ್ಚಿ ಅಪ್ಪ," ಎಂದಳು.

"ಕಣ್ಣು ಮುಚ್ಚಿ ಬಾಣ ಬಿಡೋದಾ?"

"ಹೂಂ. ಎಲ್ಲಿಗೆ ಹೋಗುತ್ತೆ ಅಂತ ಯೋಚ್ನೆ ಮಾಡ್ಬೇಡಿ. ಹೆದೆ ಬೆರಳಿಂದ ಹೇಗೆ ಜಾರುತ್ತೆ ಅನ್ನೋದನ್ನ ಮಾತ್ರ ಗಮನಿಸಿ. ಹೆದೆ ಎಳೆಯೋದು ಕೈಯಿಂದ ಅಲ್ಲ, ಬೆನ್ನಿಂದ. ಬೆನ್ನು ಎಳೀತಾನೇ ಇರ್ಲಿ, ಬೆರಳು ಸುಮ್ನಿರ್ಲಿ. ಯಾವಾಗ ಹೋಯ್ತು ಅಂತ ನಿಮಗೇ ಗೊತ್ತಾಗಬಾರದು."

ನನ್ನ ಕೈಯಿಂದ ಒಂದು ವಸ್ತು ಹೋಗಬೇಕು, ಆದರೆ ನನಗೆ ಗೊತ್ತಾಗಬಾರದು. ಇದನ್ನು ಜೇಬುಗಳ್ಳತನ ಅನ್ನುತ್ತಾರೆ.

ಅಂತೂ ಕೆಲವು ವಾರ ಕಳೆದ ಮೇಲೆ, ನನ್ನ ಗೊಣಗಾಟ ತಾಳಲಾರದೆ, ದೂರ ನಿಲ್ಲಿಸಿ ಗುರಿ ಕಾಗದ ಅಂಟಿಸಿದಳು. ಬಿಲ್ಲಿಗೆ ಗುರಿ ನೋಡುವ ಒಂದು ಕಡ್ಡಿ ಇರುತ್ತದೆ, ಅದರ ತುದಿಯಲ್ಲಿ ಒಂದು ಚುಕ್ಕೆ. ಆ ಚುಕ್ಕೆಯನ್ನು ಹಳದಿಯ ಮೇಲೆ ಇಡಬೇಕು. ಇಟ್ಟರೆ ಅದು ನಿಲ್ಲುವುದಿಲ್ಲ, ನೊಣದ ಹಾಗೆ ಸುತ್ತುತ್ತದೆ. ನಾನು ಉಸಿರು ಬಿಗಿಹಿಡಿದು, ದವಡೆ ಕಚ್ಚಿ, ಅದನ್ನು ನಿಲ್ಲಿಸಲು ಒದ್ದಾಡುವುದು; ಹಳದಿಗೆ ಬಂದ ಕ್ಷಣವೇ ಪಟ್ಟನೆ ಬಿಟ್ಟುಬಿಡುವುದು. ಬಾಣ ಎಡಕ್ಕೆ, ನೀಲಿಗೆ.

"ಚುಕ್ಕೆ ಓಡಾಡ್ಲಿ ಬಿಡಿ ಅಪ್ಪ. ಅದನ್ನ ಹಿಡಿಯೋಕೆ ಹೋಗ್ಬೇಡಿ. ಹಳದಿ ಸುತ್ತಮುತ್ತ ಇದ್ರೆ ಸಾಕು. ನೀವು ಅದು ಬರೋದನ್ನೇ ಕಾಯ್ತಾ ಇದ್ದು, ಬಂತು ಅಂತ ಹೆದೇನ ಕಿತ್ತು ಬಿಡ್ತಿದೀರ."

"ಗೋಡೆಗೆ ತೂತು ಕೊರೆಯುವಾಗ ಡ್ರಿಲ್ಲು ಓಡಾಡ್ಲಿ ಅಂತ ಬಿಟ್ರೆ ಗೋಡೆ ಗತಿ ಏನಾಗುತ್ತೆ ಗೊತ್ತಾ?"

"ಇದು ಡ್ರಿಲ್ಲಲ್ಲ ಅಪ್ಪ."

"ನನಗೆ ಗೊತ್ತು ಇದು ಡ್ರಿಲ್ಲಲ್ಲ ಅಂತ!"

"ಹೆಬ್ಬೆರಳು ಇನ್ನೊಂಚೂರು ಸಡಿಲ ಬಿಟ್ರೆ..."

ಪಿತ್ತ ನೆತ್ತಿಗೇರಿತು. ಬೆರಳಿಗೆ ಹಾಕುವ ಚರ್ಮದ ತುಂಡನ್ನು ಕಿತ್ತು ನೆಲಕ್ಕೆ ಎಸೆದೆ. ಅದು ಜಾರಿಕೊಂಡು ಹೋಗಿ ಬಾಣದ ಕಪಾಟಿನ ಕೆಳಗೆ ಸೇರಿತು. "ಸಡಿಲ, ಸಡಿಲ, ಸಡಿಲ! ಬೇರೆ ಮಾತೇ ಬರಲ್ವಾ ನಿಂಗೆ? ಕಲಿಸೋಕೆ ಬಂದ್ರೆ ಕಲಿಸು, ಇಲ್ದಿದ್ರೆ ಮತ್ತೆ ಟೈಲ್ಸ್ ಅಂಗಡಿಗೆ ಹೋಗಿ ಕೂತ್ಕೋ!" ಎಂದು ಕೂಗಿದೆ. ಗೋದಾಮಿನಲ್ಲಿ ಬಾಣ ಬಿಡುತ್ತಿದ್ದವರೆಲ್ಲ ತಿರುಗಿ ನೋಡಿದರು.

ಅವಳು ಹೋಗಿ, ಮಂಡಿಯೂರಿ, ಕಪಾಟಿನ ಕೆಳಗೆ ಕೈ ಹಾಕಿ ಚರ್ಮದ ತುಂಡು ತೆಗೆದಳು. ಅಂಗಿಗೆ ಒರೆಸಿ ನನಗೆ ಕೊಟ್ಟಳು. "ಸರಿ ಅಪ್ಪ. ನಿಮಗೆ ಹೇಗೆ ಅನುಕೂಲವೋ ಹಾಗೇ ಮಾಡಿ," ಎಂದಳು.

ಅಲ್ಲಿಂದ ಮುಂದೆ ಅವಳ ಕಾಟ ಕಡಿಮೆಯಾಯಿತು. ಮೊದಲೇ ಗದರಿದ್ದರೆ ಇಷ್ಟು ದಿನ ದಂಡವಾಗುತ್ತಿರಲಿಲ್ಲ ಅಂದುಕೊಂಡೆ.

ಆ ಕ್ಲಬ್ಬಿನಲ್ಲಿ ಒಬ್ಬ ಹಳೇ ಸದಸ್ಯ ಇದ್ದ. ಗಡಿಯಾರ ರಿಪೇರಿ ಅಂಗಡಿ ಅವನದು. ಎಲ್ಲರೂ ಮೀಸೆ ಅಂತಲೇ ಕರೆಯುತ್ತಿದ್ದರು, ಮೀಸೆ ಹಾಗಿತ್ತು. ಮಗಳು ಮಕ್ಕಳಿಗೆ ಹೇಳಿಕೊಡಲು ಪಕ್ಕದ ಕೋಣೆಗೆ ಹೋದಾಗ ನನ್ನ ಹತ್ತಿರ ಬಂದ.

"ಏನ್ ಗುರುವೇ, ಇನ್ನೂ ಹುಲ್ಲು ಮೇಯಿಸ್ತಿದಾಳಾ?" ಎಂದ.

ನನ್ನ ಕಷ್ಟ ಅರ್ಥ ಮಾಡಿಕೊಂಡವನು ಅವನೊಬ್ಬನೇ. ಎಲ್ಲ ಹೇಳಿಕೊಂಡೆ. ಅವನು ಮೀಸೆಯಲ್ಲೇ ನಕ್ಕ. "ಬಾಣ ಎಡಕ್ಕೆ ಹೋಗುತ್ತಾ? ಕಡ್ಡೀನೂ ಎಡಕ್ಕೆ ಸರಿಸು. ಮುಗೀತು. ಇನ್ನು ಪರೀಕ್ಷೆಯೋರು ನೋಡೋದು ಕೈನ. ಸರಿಯಾಗಿ ಬಿಟ್ರೆ ಕೈ ತಾನಾಗೇ ಹಿಂದಕ್ಕೆ, ಕಿವಿ ಹಿಂದೆ ಹೋಗುತ್ತೆ. ನಿಂದು ಹೋಗಲ್ಲ. ಹೋಗ್ದಿದ್ರೆ ಏನಂತೆ? ಬಿಟ್ಟ ತಕ್ಷಣ ನೀನೇ ತಗೊಂಡೋಗಿ ಇಡು. ಯಾರಪ್ಪನ ಮನೆ ಗಂಟು ಹೋಗುತ್ತೆ?"

ಅಹಾ! ಇದಪ್ಪಾ ಕಲಿಸುವುದು ಅಂದರೆ. ಕಡ್ಡಿ ಸರಿಸಿದೆವು. ಚುಕ್ಕೆ ಹಳದಿಗೆ ಬಂತೋ, ಪಟ್ಟನೆ ಬಿಡು, ಕೈ ಕಿವಿಯ ಹಿಂದಕ್ಕೆ ಒಯ್ಯಿ. ಬಿಡು, ಒಯ್ಯಿ. ಬಾಣ ಕೆಂಪಿಗೆ ಬಿತ್ತು, ಆಮೇಲೆ ಹಳದಿಗೇ ಬಿತ್ತು. ಮೀಸೆ ಬೆನ್ನು ತಟ್ಟಿದ. ಬಿಡುವಿದ್ದಾಗಲೆಲ್ಲ ಅಭ್ಯಾಸ ಮಾಡಿದೆ. ಗಿರಾಕಿಗಳ ಬಚ್ಚಲಿನಲ್ಲಿ ಕನ್ನಡಿಯ ಮುಂದೆ ನಿಂತು ಕೈಯನ್ನು ಕಿವಿಯ ಹಿಂದೆ ಒಯ್ಯುವುದನ್ನೂ ಅಭ್ಯಾಸ ಮಾಡಿದೆ. ಒಬ್ಬ ಅಜ್ಜಿ ನೋಡಿ, "ಕಿವಿ ನೋವೇನಪ್ಪ?" ಎಂದು ಕೇಳಿದರು.

ಮಗಳ ಮುಂದೆ ಮೊದಲ ಸಲ ಹಾಗೆ ಬಿಟ್ಟ ದಿನ ಬಾಣ ಹಳದಿಗೆ ನಾಟಿತು. ನಾನು ಕೈಯನ್ನು ಕಿವಿಯ ಹಿಂದೆಯೇ ಇಟ್ಟುಕೊಂಡು ಅವಳತ್ತ ನೋಡಿದೆ. ಅವಳು ಬಾಣ ನೋಡಲಿಲ್ಲ. ನನ್ನ ಕೈ ನೋಡಿದಳು, ಕಡ್ಡಿ ನೋಡಿದಳು. ಬಾಯಿ ತೆರೆದಳು.

"ಏನು?" ಎಂದೆ.

"ಏನಿಲ್ಲ ಅಪ್ಪ. ಹಳದಿಗೆ ಬಿತ್ತು."

"ಮತ್ತೆ? ನನ್ ಕೈಲಾಗುತ್ತೆ ಅಂತ ಹೇಳಿದ್ನಲ್ಲ."

ಇಷ್ಟು ಚೆನ್ನಾಗಿ ಬಿಟ್ಟರೂ ಅವಳ ಮುಖದಲ್ಲಿ ಗೆಲುವಿಲ್ಲ. ಪರೀಕ್ಷೆ ಹತ್ತಿರ ಬಂದಷ್ಟೂ ಊಟ ಬಿಟ್ಟಳು, ಸೊರಗಿದಳು. ನನ್ನ ಹೆಂಡತಿ ಅವಳ ತಟ್ಟೆಗೆ ಬಡಿಸುತ್ತಾ ಅವಳನ್ನು ನೋಡುವುದು, ಆಮೇಲೆ ನನ್ನನ್ನು ನೋಡುವುದು, ಆಮೇಲೆ ಪಾತ್ರೆಯನ್ನು ಕುಕ್ಕುವುದು. ಶಿಷ್ಯ ತಯಾರಾಗಿ ನಿಂತಿದ್ದಾನೆ, ಗುರುವಿಗೆ ಏನು ಧಾಡಿ? ಈ ಹೆಂಗಸರನ್ನು ಅರ್ಥ ಮಾಡಿಕೊಳ್ಳುವುದಕ್ಕಿಂತ ನೆಲದೊಳಗಿನ ಪೈಪು ಎಲ್ಲಿ ಸೋರುತ್ತಿದೆ ಅಂತ ಪತ್ತೆ ಹಚ್ಚುವುದು ಸುಲಭ.

ಪರೀಕ್ಷೆ ಮಾಡಲು ಬಂದಾಕೆ ನನಗಿಂತ ಹಿರಿಯರು. ಬೆಳ್ಳಿ ಕೂದಲನ್ನು ಚಿಕ್ಕದಾಗಿ ಕತ್ತರಿಸಿದ್ದರು, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ. ಒಂದು ಕುರ್ಚಿ ಹಾಕಿಸಿಕೊಂಡು ಬದಿಯಲ್ಲಿ ಕೂತರು. ಹಿಂದಿನ ಬೆಂಚಿನಲ್ಲಿ ನನ್ನ ಹೆಂಡತಿ, ಮೀಸೆ, ಕ್ಲಬ್ಬಿನ ಇನ್ನೂ ಕೆಲವರು.

"ಮೊದಲು ಮೂರು ಬಾಣ ಬಿಡ್ಲಿ, ನೋಡೋಣ," ಎಂದರು.

ಬಿಟ್ಟೆ. ಹಳದಿ. ಕೈ ಕಿವಿಯ ಹಿಂದೆ. ಎರಡನೆಯದು ಹಳದಿಯ ಅಂಚಿಗೆ. ಮೂರನೆಯದು ಮತ್ತೆ ಹಳದಿ. ಹಿಂದಿನಿಂದ ಮೀಸೆ "ಶಹಬ್ಬಾಸ್" ಎಂದ. ಜೀವನದಲ್ಲಿ ಮೊದಲ ಸಲ ನನಗೆ ಈ ಬಿಲ್ಲಿನ ಮೇಲೆ ಪ್ರೀತಿ ಬಂತು. ಎದೆ ಉಬ್ಬಿಸಿ ತಿರುಗಿದೆ.

ಆಕೆ ಗುರಿಯತ್ತ ನೋಡಲೇ ಇಲ್ಲ. ನನ್ನ ಮಗಳತ್ತ ತಿರುಗಿ, "ನಿಮ್ಮ ಶಿಷ್ಯರು ಹೇಗೆ ಬಿಡ್ತಿದಾರೆ?" ಎಂದು ಕೇಳಿದರು.

ಚೆನ್ನಾಗಿ ಬಿಡ್ತಿದಾರೆ ಅಂತ ಒಂದು ಮಾತು. ಅಷ್ಟು ಹೇಳಿದರೆ ಮುಗಿಯಿತಲ್ಲ! ಅವಳು ನೆಲ ನೋಡುತ್ತಾ ನಿಂತಳು. ಅದೇ, ಹೋದ ವರ್ಷದ ಹಾಗೇ. ಹೇಳೇ, ಬಾಯಿ ಬಿಡೇ, ಹೊಗಳೋಕೂ ನಿಂಗೆ ಬಾಯಿಲ್ವಾ ಅಂತ ಕಣ್ಣಲ್ಲೇ ಗದರಿಸಿದೆ. ಆಕೆ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. "ಹೇಳೋಕೇನೂ ಇಲ್ವಾ?" ಎಂದರು.

"ಇದೆ," ಎಂದಳು ಮಗಳು. ಧ್ವನಿ ಗಂಟಲಲ್ಲೇ ಇತ್ತು. "ಇವ್ರು ಬಿಡ್ತಿಲ್ಲ. ಬಿಟ್ಟ ಹಾಗೆ ನಟಿಸ್ತಿದಾರೆ."

"ಏನಂದೆ?" ಎಂದೆ.

"ಕೈ ಹಿಂದಕ್ಕೆ ಹೋಗೋದು ಬೆನ್ನು ಎಳೆದಿದ್ದಕ್ಕೆ. ಬೆರಳು ಸಡಿಲ ಆಗಿದ್ದಕ್ಕೆ. ನೀವು ಹೆದೇನ ಕಿತ್ತು ಬಿಟ್ಟು, ಆಮೇಲೆ ಕೈನ ತಗೊಂಡೋಗಿ ಕಿವಿ ಹಿಂದೆ ಇಡ್ತಿದೀರ. ಕಡ್ಡೀನೂ..."

ಮುಖಕ್ಕೆ ರಕ್ತ ನುಗ್ಗಿತು. ಹಣೆಯಿಂದ ಬೆವರು ಕಣ್ಣಿಗಿಳಿಯಿತು. ಒರೆಸಿಕೊಳ್ಳಲು ಕೈ ಎತ್ತಿದೆ.

ಅವಳು ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

ನಾನು ಕೈ ಎತ್ತಿದ್ದು ಬೆವರು ಒರೆಸಲು. ಅವಳಿಗೆ ಒಂದು ದಿನ, ಒಂದೇ ಒಂದು ದಿನ ಕೈ ಮಾಡಿದವನಲ್ಲ ನಾನು. ಸ್ಪ್ಯಾನರ್ ಎಸೆದಿದ್ದೇನೆ, ತಟ್ಟೆ ಎಸೆದಿದ್ದೇನೆ, ಬಾಗಿಲು ಮುರಿಯುವ ಹಾಗೆ ಬಡಿದಿದ್ದೇನೆ, ಅದು ಬೇರೆ. ಮಗಳನ್ನು ಮುಟ್ಟಿಲ್ಲ. ಇಷ್ಟು ಜನರ ಮುಂದೆ ಅವಳು ಹಾಗೆ ಸರಿದಳಲ್ಲ ಅಂತ ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಿಲ್ಲು ನೆಲಕ್ಕೆ ಹಾಕಿ ಹೊರಟುಬಿಡೋಣ ಅನ್ನಿಸಿತು. ಹೊರಟರೆ ಅವಳ ಪರೀಕ್ಷೆಯೂ ಅಲ್ಲಿಗೇ ಮುಗಿಯಿತು.

ಅವಳು ಸರಿದ ಹೆಜ್ಜೆಯನ್ನು ತಾನೇ ಮುಂದಕ್ಕಿಟ್ಟಳು. ನನ್ನ ಕಣ್ಣಿಗೆ ಕಣ್ಣು ಕೊಟ್ಟು ಮಾತು ಮುಗಿಸಿದಳು. "ಕಡ್ಡೀನೂ ತಪ್ಪಿಗೆ ತಕ್ಕ ಹಾಗೆ ಸರಿಸ್ಕೊಂಡಿದೀರ. ಅದಕ್ಕೇ ಹಳದಿಗೆ ಬೀಳ್ತಿದೆ. ಹಳದಿಗೆ ಬಿದ್ರೂ ತಪ್ಪು ತಪ್ಪೇ."

ಪರೀಕ್ಷೆ ಮಾಡುವಾಕೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ಹಾಗಾದ್ರೆ ತಿದ್ದಿ," ಎಂದರು.

ಮಗಳು ನಡೆದುಹೋಗಿ ಗುರಿ ಕಾಗದವನ್ನು ಹರಿದು ತೆಗೆದಳು. ನನ್ನ ತೋಳು ಹಿಡಿದು ಬರೀ ಹುಲ್ಲಿನ ಮುಂದೆ, ಮೂರು ಹೆಜ್ಜೆ ದೂರಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸಿದಳು.

"ಹಳದಿಗೆ ಬಿಟ್ಟೋನನ್ನ ಮತ್ತೆ ಹುಲ್ಲಿಗೆ ತಂದು ನಿಲ್ಲಿಸ್ತೀಯಾ? ಎಲ್ಲರ ಮುಂದೆ?" ಎಂದು ಹಲ್ಲಿನ ಸಂದಿಯಲ್ಲೇ ಕೇಳಿದೆ.

"ಹೂಂ. ಕಣ್ಣು ಮುಚ್ಚಿ."

ಮುಚ್ಚಿದೆ. ಎಳೆದೆ. ಬಿಟ್ಟೆ.

"ಇಲ್ಲ," ಎಂದಳು.

ಇನ್ನೊಂದು ಬಿಟ್ಟೆ.

"ಇಲ್ಲ. ಕಿತ್ರಿ."

ಇನ್ನೊಂದು. "ಇಲ್ಲ. ಕೈನ ನೀವೇ ಒಯ್ದ್ರಿ." ಇನ್ನೊಂದು. "ಇಲ್ಲ. ದವಡೆ ಬಿಡಿ. ಹಲ್ಲು ಕಚ್ಚಿಕೊಂಡ್ರೆ ಬೆರಳೂ ಕಚ್ಚಿಕೊಳ್ಳುತ್ತೆ." ಒಂದೊಂದು 'ಇಲ್ಲ'ಕ್ಕೂ ಅವಳ ಧ್ವನಿ ಗಂಟಲಿಂದ ಹೊರಗೆ ಬರುತ್ತಿತ್ತು. ನನ್ನದು ಒಳಗೆ ಹೋಗುತ್ತಿತ್ತು. ಐವತ್ತು ದಾಟಿದ ಮನುಷ್ಯನಿಗೆ ಹೀಗೆ ಸಾಲಾಗಿ ಇಲ್ಲ ಅಂದವರು ಯಾರೂ ಇರಲಿಲ್ಲ. ಗಿರಾಕಿಗಳು ಕೂಡ ಅಂದಿಲ್ಲ. ಸಿಟ್ಟಿಗೂ ಒಂದು ಲೆಕ್ಕ ಇರುತ್ತದಲ್ಲ, ಉರಿದು ಉರಿದು ಅದೂ ಸುಸ್ತಾಯಿತು.

ಅವಳು ನನ್ನ ಬೆನ್ನಿನ ಮೇಲೆ, ಎರಡು ಭುಜದ ಮೂಳೆಗಳ ನಡುವೆ, ಬೆರಳಿಟ್ಟಳು. "ಇಲ್ಲಿಂದ ಎಳೀರಿ ಅಪ್ಪ. ನನ್ನ ಬೆರಳನ್ನ ಹಿಸುಕೋ ಹಾಗೆ. ಬೇರೇನೂ ಮಾಡ್ಬೇಡಿ. ಬಿಡಲೂಬೇಡಿ."

ಎಳೆದೆ. ಬೆನ್ನಿನಲ್ಲಿ ಅವಳ ಬೆರಳು ಇತ್ತು. ಆ ಬೆರಳು ಸಣ್ಣಗೆ ನಡುಗುತ್ತಿತ್ತು. ಇಷ್ಟೆಲ್ಲ ಗಟ್ಟಿಯಾಗಿ ಹೇಳುತ್ತಿದ್ದಾಳೆ, ಒಳಗೆ ಇನ್ನೂ ನಡುಗುತ್ತಿದ್ದಾಳೆ ಅಂತ ಗೊತ್ತಾಗಿ, ಅಯ್ಯೋ ಮಗಳೇ, ಅಂದುಕೊಂಡೆ. ಎಳೆಯುತ್ತಾ ಇದ್ದೆ. ಇನ್ನೂ ಎಳೆಯುತ್ತಾ ಇದ್ದೆ.

ಟಪ್ ಅಂತ ಸದ್ದಾಯಿತು. ಯಾರೋ ಪಕ್ಕದಲ್ಲಿ ಬಾಣ ಬಿಟ್ಟರು ಅಂದುಕೊಂಡೆ. ಕಣ್ಣು ಬಿಟ್ಟರೆ ನನ್ನ ಬಿಲ್ಲಿನಲ್ಲಿ ಬಾಣವಿಲ್ಲ. ನನ್ನ ಕೈ ಕಿವಿಯ ಹಿಂದೆ, ಭುಜದ ಹತ್ತಿರ ಎಲ್ಲೋ ಇತ್ತು, ಯಾರೂ ಹೇಳದೆ ತಾನೇ ಹೋಗಿ ಕೂತಿತ್ತು.

"ಹೂಂ," ಎಂದಳು ಮಗಳು. "ಇದು."

"ನಾನೇನೂ ಮಾಡ್ಲಿಲ್ಲ."

"ಅದೇ ಅಪ್ಪ."

"ತಡಿ, ಇನ್ನೊಂದು ಬಿಡ್ತೀನಿ. ಕಾಗದ ಅಂಟಿಸು, ಹಳದಿಗೇ ಬಿಟ್ಟು ತೋರಿಸ್ತೀನಿ," ಎಂದು ಬಾಣಕ್ಕೆ ಕೈ ಹಾಕಿದೆ.

ಅವಳು ನನ್ನ ಕೈಯಿಂದ ಬಿಲ್ಲನ್ನು ತೆಗೆದುಕೊಂಡಳು. "ಇವತ್ತು ಬೇಡ. ಸಾಕು."

ಬೆಳ್ಳಿ ಕೂದಲಿನ ಹೆಂಗಸು ಎದ್ದು ಬಂದರು. ನನಗೆ ಏನೂ ಹೇಳಲಿಲ್ಲ, ಹಳದಿಯ ಬಗ್ಗೆಯೂ ಒಂದು ಮಾತಿಲ್ಲ. ಮಗಳ ಕೈ ಕುಲುಕಿ, "ಬರೋ ತಿಂಗಳಿಂದ ದೊಡ್ಡೋರ ಗುಂಪು ನಿಮ್ದು ಅಂತ ಕ್ಲಬ್ಬಿನೋರಿಗೆ ಹೇಳ್ತೀನಿ. ಇಂಥೋರು ಬಹಳ ಜನ ಸಿಗ್ತಾರೆ ನಿಮಗೆ," ಎಂದರು. ಮೀಸೆ ಅಷ್ಟು ಹೊತ್ತಿಗೆ ಬೆಂಚಿನಿಂದ ಮಾಯವಾಗಿದ್ದ.

ಹೊರಗೆ ಬಂದು ನನ್ನ ವ್ಯಾನು ಹತ್ತಿದೆವು. ಹಿಂದೆ ಪೈಪು, ಮುಂದೆ ನಾವು ಮೂವರು, ನಡುವೆ ಮಗಳು. ಪಾಸಾದವಳು ನಗಬೇಕೋ ಬೇಡವೋ ಅನ್ನುವ ಹಾಗೆ ಕೂತಿದ್ದಳು. ಒಳ್ಳೇ ಮಾತು ಹೇಳಬೇಕೆಂದೇ ಬಾಯಿ ತೆರೆದೆ, ಬಂದದ್ದು ಗದರಿಕೆ.

"ನಾನು ನಟಿಸ್ತಿದೀನಿ ಅಂತ ನಿಂಗೆ ಯಾವಾಗ ಗೊತ್ತಾಯ್ತು?"

"ಮೊದಲ ದಿನಾನೇ," ಎಂದಳು.

"ಮೊದಲ ದಿನಾನೇ! ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ? ಇವತ್ತು ಕೆಲ್ಸ ಕೈ ತಪ್ಪಿ ಹೋಗಿದ್ರೆ ನಿನ್ನ ಗತಿ ಏನು? ಬಾಯಿ ಇರೋದು ಯಾಕೆ? ನಂಗೊಂದು ಮಾತು ಹೇಳೋಕೆ ಏನಾಗಿತ್ತು?"

ಕಿಟಕಿಯ ಕಡೆಯಿಂದ ನನ್ನ ಹೆಂಡತಿ ಹೇಳಿದಳು. ಈ ಸಲ ಗೋಡೆಗಲ್ಲ, ಪಾತ್ರೆಗಲ್ಲ, ನನಗೇ.

"ನಿಮಗಾ? ಹೇಳೋದಾ? ಮದುವೆಯಾದಾಗಿಂದ ನಾನೇ ಹೇಳಿಲ್ಲ ರೀ."

ಸಿಟ್ಟು ಬಂತು. ಬಂದ ಸಿಟ್ಟನ್ನು ಯಾರ ಮೇಲೆ ಹಾಕಲಿ ಅಂತ ಆ ಕಡೆ ತಿರುಗಿದೆ. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು, ಈಗ ಏನು ಎಸೆಯುತ್ತಾನೋ ಅಂತ ಕಾಯುವವರ ಹಾಗೆ, ಭುಜ ಕುಗ್ಗಿಸಿಕೊಂಡು. ಎಷ್ಟು ವರ್ಷದಿಂದ ಹೀಗೆ ಕೂರುತ್ತಿದ್ದರೋ. ಸ್ಟೇರಿಂಗ್ ಹಿಡಿದಿದ್ದ ನನ್ನ ಬೆರಳು ಬೆಳ್ಳಗಾಗಿದ್ದವು. ವ್ಯಾನು ಇನ್ನೂ ಹೊರಟೇ ಇರಲಿಲ್ಲ.

"ನಾಳೆ," ಎಂದೆ. "ನಾಳೆ ಎಷ್ಟೊತ್ತಿಗೆ ಬರ್ಲಿ ಕಲಿಯೋಕೆ?"